ಅಪ್‌ಡೇಟ್: ಜೈಲಿನಿಂದ ಬಂದವರ ಮೊದಲ ವಾರ, ಮಡಿಕೇರಿ

ಮಡಿಕೇರಿ ಜೈಲಿನಿಂದ ಬಿಡುಗಡೆಯಾಗುವವರಿಗೆ ನಮ್ಮ ಚರ್ಚಿನ ತಂಡ ಮೊದಲು ಏನು ಮಾಡಬೇಕು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆ. ಪ್ರಾರ್ಥನೆಯ ಜೊತೆಗೇ ಕಾಗದಪತ್ರ ಎಂದವರ ಮಾತೇ ಸರಿ.

ಬಿಡುಗಡೆ ಪತ್ರದ ಮೂರು ಜೆರಾಕ್ಸ್ ಅಂದೇ ಮಾಡಿಸಿ, ಮೂಲಪ್ರತಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ. ನಮ್ಮ ಮಳೆಯಲ್ಲಿ ಜೇಬಿನ ಕಾಗದ ಮಡಿಕೆಯಲ್ಲೇ ಹರಿದು ಶಾಯಿ ಕದಡುತ್ತದೆ. ಎರಡು ವರ್ಷ ವಹಿವಾಟಿಲ್ಲದ ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿರುತ್ತದೆ. ಆಧಾರ್ ಒಯ್ದು ಕೆವೈಸಿ (ಗುರುತು, ವಿಳಾಸದ ಪರಿಶೀಲನೆ) ಮಾಡಿಸಿದರೆ ಶುಲ್ಕವಿಲ್ಲದೆ ಚಾಲೂ ಆಗುತ್ತದೆ. ಇದನ್ನು ಮಾಡಿಸದಿದ್ದರೆ ಕೂಲಿ ಇನ್ನೊಬ್ಬರ ಖಾತೆಗೆ ಹೋಗಿ, ಜಗಳವಾಗಿ, ಕೆಲಸವೂ ಕೈತಪ್ಪುತ್ತದೆ.

ಕೆಲಸಕ್ಕೆ ಕಾಫಿ ಕೊಯ್ಲಿನ ಕಾಲ ಒಳ್ಳೆಯದು: ಮೊದಲು ಅರೇಬಿಕಾ, ಜನವರಿ ಹೊತ್ತಿಗೆ ರೋಬಸ್ಟಾ. ಆದರೆ ಕೇಸಿನ ವಿಷಯವನ್ನು, ಬಿಡುಗಡೆಯಾದವರ ಒಪ್ಪಿಗೆ ಪಡೆದು, ತೋಟದ ಸಾಹುಕಾರರಿಗೆ ಮೊದಲೇ ತಿಳಿಸಿ. ಸಂತೆಯಲ್ಲಿ ಯಾರದೋ ಬಾಯಿಂದ ಗೊತ್ತಾದರೆ ಕೆಲಸದ ಜೊತೆ ತೋಟದವರು ಕೊಟ್ಟ ಲೈನ್‌ಮನೆಯೂ (ಕಾರ್ಮಿಕರ ಸಾಲುಮನೆ) ಹೋಗುತ್ತದೆ. ಬಟವಾಡೆಯ ಸಂಜೆ ಅತಿ ಅಪಾಯದ್ದು. ಕುಡಿತ ಬಿಟ್ಟವರೂ ಜಾರುವುದು ಆಗಲೇ. ಆ ಹೊತ್ತಿಗೆ ತಂಡದ ಒಬ್ಬರು ಜೊತೆಗಿರಲೇಬೇಕು.

ಇನ್ನೂ ಒಳಗಿರುವವರಿಗೆ ವಕೀಲರಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಬಂಧನದಲ್ಲಿರುವವರಿಗೆ ಕಾನೂನು ನೆರವು ಉಚಿತ, ಆದಾಯದ ಮಿತಿ ಅಡ್ಡಬರುವುದಿಲ್ಲ.