ಹಳಬರನ್ನು ಮೊದಲ ಹಂತದಲ್ಲೇ ನಿಲ್ಲಿಸುತ್ತಿರುವ ತರಬೇತಿ ಆಟ: ಸಹಾಯ ಬೇಕು

ಮಲ್ಪೆಯಿಂದ:
ನಮಸ್ಕಾರ. ಇಲ್ಲಿನ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತರಬೇತಿ ನೋಡಿಕೊಳ್ಳುತ್ತೇನೆ. ಶುಚಿತ್ವ, ಕೋಲ್ಡ್ ಸ್ಟೋರೇಜ್ ನಿಯಮ ಕಲಿಸಲು ಟ್ಯಾಬ್‌ನಲ್ಲಿ ಒಂದು ಆಟ ಮಾಡಿಸಿದ್ದೇವೆ. ಆಡುವವರ ಮಟ್ಟ ನೋಡಿ ಅದೇ ಕಷ್ಟ, ಸುಲಭ ಆಗಬೇಕು. ಆದರೆ ವರ್ಷಗಟ್ಟಲೆ ಸಿಗಡಿ ಸುಲಿದ ಅಕ್ಕಂದಿರು ಕೈ ತೊಳೆಯುವ ಹಂತ ದಾಟುತ್ತಿಲ್ಲ. ಉತ್ತರ ಸರಿ ಇದ್ದರೂ ಹೀಗೆ. ಮೊನ್ನೆ ಸೇರಿದ ಹುಡುಗರು ಸರಸರ ಮೇಲೇರುತ್ತಾರೆ. "ನಮಗೆ ಇಷ್ಟೂ ಗೊತ್ತಿಲ್ವಾ?" ಎಂದು ಅಕ್ಕಂದಿರು ಕೇಳುವಾಗ ಬೇಜಾರಾಗುತ್ತದೆ.

ಬೈಕಂಪಾಡಿಯಿಂದ:
ಬೇಗ ಒತ್ತಿದರೆ ಜಾಸ್ತಿ ಅಂಕ ಇದೆಯಾ? ಪ್ರಶ್ನೆ ಓದಬೇಕಾ, ಕೇಳಿಸುತ್ತದಾ? ಲಾಗಿನ್ ಬೇರೆ ಬೇರೆ ತಾನೇ?

ಮಲ್ಪೆಯಿಂದ:
ಲಾಗಿನ್ ಬೇರೆ ಬೇರೆ. ಬೇಗ ಒತ್ತಿದರೆ ಅಂಕ ಜಾಸ್ತಿ. ಪ್ರಶ್ನೆ ಓದಬೇಕು, ಮೂರು ಆಯ್ಕೆ ಇರುತ್ತವೆ.

ಬೈಕಂಪಾಡಿಯಿಂದ:
ಹಾಗಾದರೆ ಆಟ ಓದುವ ವೇಗ ಅಳೆಯುತ್ತಿದೆ ಮಾರಾಯ್ರೇ. ಅಕ್ಕಂದಿರ ಕೆಲಸದ ತಿಳುವಳಿಕೆ ಅದರ ಕಣ್ಣಿಗೆ ಬೀಳುತ್ತಲೇ ಇಲ್ಲ. ಮೊದಲು ಸಮಯದ ಅಂಕ ತೆಗೆಯಿರಿ. ಪ್ರಶ್ನೆಗಳನ್ನು ಕನ್ನಡ, ತುಳು ಎರಡರಲ್ಲೂ ಧ್ವನಿಯಲ್ಲಿ ಕೊಡಿ. ತಂಪು ಮಾಡುವ ಯಂತ್ರದ ಅಮೋನಿಯಾ ಅನಿಲ ಸೋರಿಕೆಯಂಥ ತುರ್ತು ಸಂದರ್ಭಕ್ಕೆ ಮಾತ್ರ ಗಡಿಯಾರ ಇರಲಿ. ಅದೂ ಧ್ವನಿ ಮುಗಿದ ಮೇಲೆ ಓಡಲಿ.

ಇನ್ನು ಹುಡುಗರ ವಿಷಯ. ಮೂರು ಆಯ್ಕೆ ಇದ್ದರೆ ಕಣ್ಣು ಮುಚ್ಚಿ ಒತ್ತಿದರೂ ಮೂರರಲ್ಲಿ ಒಂದು ಸರಿಯಾಗುತ್ತದೆ. ಉತ್ತರಗಳನ್ನು ನೋಡುತ್ತಾ ಕಲಿಯುವವರಿಗೆ ಯಾವುದು ಎಷ್ಟು ಗೊತ್ತಾಗಿದೆ ಎಂದು ಅಂದಾಜು ಮಾಡುವ ನಾಲೆಡ್ಜ್ ಟ್ರೇಸಿಂಗ್ ಎಂಬ ವಿಧಾನವನ್ನು 1995ರಲ್ಲಿ ಕಾರ್ಬೆಟ್ ಮತ್ತು ಆಂಡರ್‌ಸನ್ ಎಂಬ ಸಂಶೋಧಕರು ಮುಂದಿಟ್ಟರು. ಅದರಲ್ಲಿ ಊಹೆಗೂ, ಗೊತ್ತಿದ್ದೂ ತಪ್ಪು ಒತ್ತುವುದಕ್ಕೂ ಬೇರೆ ಬೇರೆ ಲೆಕ್ಕ ಇದೆ. ಆಟ ಮಾಡಿದವರಿಗೆ ಅದನ್ನು ಹಾಕಲು ಹೇಳಿ. ಶುಚಿತ್ವ, ತಾಪಮಾನ, ವಿಂಗಡಣೆ ಒಂದೊಂದಕ್ಕೂ ಪ್ರತ್ಯೇಕ ಮಟ್ಟ ಇರಬೇಕು. ಎಲ್ಲ ಸೇರಿಸಿ ಒಂದೇ ಅಂಕ ಕೊಟ್ಟರೆ ಯಾರಿಗೆ ಯಾವುದು ಬರುವುದಿಲ್ಲ ಎಂದು ಆಟಕ್ಕೆ ತಿಳಿಯುವುದಿಲ್ಲ, ಅಲ್ವಾ?

ಮತ್ತೊಂದು. ಸುಮ್ನೆ ನಿಯಮ ಕೇಳಬೇಡಿ. ಫ್ರೀಜರ್ ಕೋಣೆಯ ಮೀಟರ್ ಮೈನಸ್ 18ರ ಬದಲು ಮೈನಸ್ 12 ತೋರಿಸುತ್ತಿರಲಿ. ಬಾಗಿಲ ರಬ್ಬರ್ ಹರಿದು ಅಂಚಿಗೆ ಮಂಜು ಕಟ್ಟಿರಲಿ. ಒಳಗೆ ಸಿಗಡಿ ಪೆಟ್ಟಿಗೆಗಳಿವೆ. ಮೊದಲು ಏನು ಮಾಡುತ್ತೀರಿ? ಅನುಭವ ಇದ್ದವರು ಮುಂದೆ ಬರುವುದು ಇಂಥಲ್ಲಿ.

ಮಲ್ಪೆಯಿಂದ:
ತುಂಬ ಥ್ಯಾಂಕ್ಸ್ ಸರ್. ಸಮಯದ ಅಂಕ ತೆಗೆಸಿದೆವು. ಅಕ್ಕಂದಿರು ತಾಪಮಾನದ ಹಂತಕ್ಕೆ ಬಂದಿದ್ದಾರೆ. ತುಳು ಧ್ವನಿಯನ್ನು ಅವರಲ್ಲೇ ಒಬ್ಬರು ಕೊಡುತ್ತೇನೆ ಎಂದಿದ್ದಾರೆ. ಒದ್ದೆ ಗ್ಲೌಸಲ್ಲಿ ಒತ್ತಿದರೆ ಬೇರೆ ಉತ್ತರ ಬೀಳುತ್ತದೆ. ಅದಕ್ಕೇನು ಮಾಡಲಿ?

ಬೈಕಂಪಾಡಿಯಿಂದ:
ಗ್ಲೌಸ್ ಹಾಕುವ ಮುಂಚೆ, ಶಿಫ್ಟ್ ಶುರುವಿನಲ್ಲೇ ಆಡಿಸಿ. ಬಟನ್ ದೊಡ್ಡದು ಮಾಡಿಸಿ. ಉತ್ತರ ಖಚಿತಪಡಿಸಲು ಇನ್ನೊಮ್ಮೆ ಒತ್ತುವಂತೆ ಇರಲಿ.