ನಸುಕಿನ ವಿಮಾನಕ್ಕೆ ಮುನ್ನ ಲಾಂಜ್: ವಯಸ್ಸಾದವರೊಂದಿಗೆ ಹೋಗುವವರಿಗೆ ಉಪಯೋಗವಿದೆಯೇ?

ಮೈಸೂರು ಪಯಣಿಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎಪ್ಪತ್ತು ದಾಟಿದ ನಮ್ಮ ತಾಯಿಯವರನ್ನು ಮುಂದಿನ ತಿಂಗಳು ಕಾಶಿಗೆ ಕರೆದುಕೊಂಡು ಹೋಗುವವನಿದ್ದೇನೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಬೆಳಗಿನ ಜಾವ 5.40ಕ್ಕೆ ವಿಮಾನವಿದೆ. ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್‌ನಲ್ಲಿ ಬರುವುದರಿಂದ, ದಾರಿಯಲ್ಲಿ ತಡವಾದೀತೆಂಬ ಭಯಕ್ಕೆ ರಾತ್ರಿ ಒಂದು ಗಂಟೆಗೇ ದೇವನಹಳ್ಳಿ ತಲುಪುವಂತೆ ಹೊರಡೋಣವೆಂದುಕೊಂಡಿದ್ದೇನೆ. ನನ್ನ ಬಳಿ ನಿಲ್ದಾಣದ ಲಾಂಜ್‌ಗೆ (ತಿಂಡಿ, ಆಸನಗಳಿರುವ ವಿಶ್ರಾಂತಿ ಕೋಣೆಗೆ) ಉಚಿತ ಪ್ರವೇಶ ಕೊಡುವ ರುಪೇ ಸೆಲೆಕ್ಟ್ ಡೆಬಿಟ್ ಕಾರ್ಡ್ ಇದೆ. ತಾಯಿಯವರ ಬಳಿ ಇರುವುದು ಪಿಂಚಣಿ ಖಾತೆಯ ಸಾಧಾರಣ ಎಟಿಎಂ ಕಾರ್ಡ್ ಮಾತ್ರ. ಉಳಿದ ಅಷ್ಟೂ ಹೊತ್ತನ್ನು ಲಾಂಜ್‌ನಲ್ಲಿ ಕಳೆಯಬಹುದೇ, ಒಂದೇ ಕಾರ್ಡಿಗೆ ಇಬ್ಬರನ್ನೂ ಒಳಗೆ ಬಿಡುತ್ತಾರೆಯೇ? ಸ್ನಾನವಾಗದೆ ತಿಂಡಿ ಮುಟ್ಟುವವರಲ್ಲ ನಮ್ಮ ತಾಯಿ. ಹಾಗಿರುವಾಗ ಅಲ್ಲಿಗೆ ಹೋಗಿ ಪ್ರಯೋಜನವಿದೆಯೇ ಎಂಬುದನ್ನೂ ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಕಿಟಕಿ ಸೀಟು

ರಾತ್ರಿ ಒಂದಕ್ಕೇ ಲಾಂಜ್ ಸೇರುವ ಆಲೋಚನೆಯನ್ನು ಬಿಟ್ಟುಬಿಡಿ. ಲಾಂಜ್ ಇರುವುದು ಭದ್ರತಾ ತಪಾಸಣೆಯ ಆಚೆಗೆ. ವಿಮಾನ ಸಂಸ್ಥೆಯ ಕೌಂಟರ್ ನಿಮ್ಮ ವಿಮಾನಕ್ಕೆ ತೆರೆಯುವವರೆಗೆ ದೊಡ್ಡ ಚೀಲವನ್ನು ಒಪ್ಪಿಸಲಾಗುವುದಿಲ್ಲ, ಚೀಲ ಒಪ್ಪಿಸದೆ ತಪಾಸಣೆ ದಾಟಲಾಗುವುದಿಲ್ಲ. ಹೇಗೋ ದಾಟಿದರೂ, ಕಾರ್ಡಿನ ಮೇಲೆ ಬರುವವರನ್ನು ವಿಮಾನ ಹೊರಡಲು ಎರಡು ಮೂರು ಗಂಟೆಗಳಿರುವಾಗ ಮಾತ್ರ ಒಳಗೆ ಬಿಡುವುದು ಸಾಮಾನ್ಯ ಪದ್ಧತಿ.

ಡೆಬಿಟ್ ಕಾರ್ಡಿನ ಉಚಿತ ಪ್ರವೇಶ ಕಾರ್ಡುದಾರರೊಬ್ಬರಿಗೇ ಸೀಮಿತ, ಜೊತೆಗಿರುವವರಿಗೆ ಹಣ ಕಟ್ಟಬೇಕಾಗುತ್ತದೆ. ಬಾಗಿಲಲ್ಲಿ ಬೋರ್ಡಿಂಗ್ ಪಾಸಿನ ಹೆಸರನ್ನು ಕಾರ್ಡಿನ ಹೆಸರಿನೊಂದಿಗೆ ತಾಳೆ ನೋಡುತ್ತಾರೆ. ರುಪೇ ಕಾರ್ಡನ್ನು ಯಂತ್ರಕ್ಕೆ ಹಾಕಿ ಪಿನ್ ಒತ್ತಿಸಿ ₹2 ಕಡಿತ ಮಾಡುವುದು ವಾಡಿಕೆ. ಆದರೆ ಹಳೆಯ ಅನುಭವವನ್ನೇ ನಂಬಬೇಡಿ. ಬ್ಯಾಂಕುಗಳ ಪರವಾಗಿ ಈ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಡ್ರೀಮ್‌ಫೋಕ್ಸ್ ಸಂಸ್ಥೆಯು 2025ರ ಸೆಪ್ಟೆಂಬರ್‌ನಲ್ಲಿ ದೇಶದೊಳಗಿನ ಲಾಂಜ್ ಸೇವೆಯನ್ನು ನಿಲ್ಲಿಸಿತು. ಹಲವು ಬ್ಯಾಂಕುಗಳಂತೂ ಹಿಂದಿನ ತ್ರೈಮಾಸಿಕದಲ್ಲಿ ಇಂತಿಷ್ಟು ಖರ್ಚು ಮಾಡಿದವರಿಗೆ ಮಾತ್ರ ಈ ಸೌಲಭ್ಯವೆಂಬ ಷರತ್ತನ್ನು ಹಾಕಿವೆ. ಹೊರಡುವ ಮುನ್ನ ಬ್ಯಾಂಕಿನ ಆಪ್‌ನಲ್ಲಿ ನಿಮ್ಮ ಅರ್ಹತೆಯನ್ನು ನೋಡಿಕೊಂಡುಬಿಡಿ.

ಹಳೇ ಸೂಟ್‌ಕೇಸ್

ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ, ಆದರೆ ನಸುಕಿನ ಲಾಂಜ್ ಹೇಗಿರುತ್ತದೆಂಬುದನ್ನು ಅವರು ಬರೆಯಲಿಲ್ಲ. ಐದರಿಂದ ಏಳರವರೆಗೆ ಸಾಲುಸಾಲಾಗಿ ವಿಮಾನಗಳು ಹೊರಡುವುದರಿಂದ, ನಾಲ್ಕರ ಹೊತ್ತಿಗೆ ಲಾಂಜ್ ಬಾಗಿಲಿನ ಸಾಲು ಎಷ್ಟೋ ದಿನ ಭದ್ರತಾ ತಪಾಸಣೆಯ ಸಾಲಿಗಿಂತ ಉದ್ದವಾಗಿರುತ್ತದೆ. ಒಳಗೆ ಇಡ್ಲಿಯ ಪಾತ್ರೆಯ ಮುಚ್ಚಳ ತೆರೆದರೆ ತಳದಲ್ಲಿ ಎರಡು ತಣ್ಣನೆಯ ಇಡ್ಲಿ, ಹೊಸ ತಟ್ಟೆ ಅಡುಗೆಮನೆಯಿಂದ ಬರುವುದನ್ನೇ ಕಾಯುತ್ತ ಪ್ಲೇಟು ಹಿಡಿದು ನಿಂತ ಏಳೆಂಟು ಮಂದಿ, ಕಾಫಿ ಯಂತ್ರದ ಮುಂದೆ ಮತ್ತೊಂದು ಗುಂಪು. ಒರಗಿ ಕಾಲು ಚಾಚುವ ಕುರ್ಚಿಗಳನ್ನು ನಡುರಾತ್ರಿಯೇ ಬಂದವರು ಶಾಲು ಹೊದ್ದು ಹಿಡಿದುಕೊಂಡಿರುತ್ತಾರೆ. ಸ್ನಾನದ ಕೋಣೆ ಎಲ್ಲ ಲಾಂಜ್‌ಗಳಲ್ಲಿಯೂ ಇರುವುದಿಲ್ಲ. ಉಪಾಹಾರದ ಆಸೆಗಾಗಿ ಹೋಗುವುದಾದರೆ ಬೇಡವೆಂದೇ ಹೇಳುತ್ತೇನೆ. ಶುಚಿಯಾದ ಶೌಚಾಲಯ, ಮೆತ್ತನೆಯ ಆಸನ ಮತ್ತು ಒಂದು ಲೋಟ ಬಿಸಿ ಹಾಲು ಇವಿಷ್ಟಕ್ಕಾದರೆ ನಿಮ್ಮ ತಾಯಿಯವರ ಪಾಲಿನ ಹಣ ದಂಡವಲ್ಲ.

ಬಸ್ಸನ್ನು ಮಾತ್ರ ಎರಡೂವರೆಯ ಸುಮಾರಿಗೆ ತಲುಪುವಂತೆ ಆರಿಸಿಕೊಳ್ಳಿ. ಬೇಗ ಬಂದರೂ ಹೊರಗಡೆ ಕೂರಲು ಜಾಗವಿದೆ, ಟರ್ಮಿನಲ್ 1ರ ಎದುರಿನ ಕ್ವಾಡ್ ಆವರಣದಲ್ಲಿ ಊಟ, ಕಾಫಿಯೂ ಸಿಗುತ್ತದೆ.

ಮೈಸೂರು ಪಯಣಿಗ

ಇಬ್ಬರಿಗೂ ಧನ್ಯವಾದಗಳು. ತಾಯಿಯವರಿಗೆ ಮಂಡಿನೋವಿದೆ ಎಂಬುದನ್ನು ಬರೆಯಲು ಬಿಟ್ಟುಹೋಗಿತ್ತು. ವೀಲ್‌ಚೇರ್ ತೆಗೆದುಕೊಂಡರೆ ಲಾಂಜ್‌ವರೆಗೂ ಕರೆದೊಯ್ಯುತ್ತಾರೆಯೇ?

ಗೇಟ್ ಸಂಖ್ಯೆ

ವೀಲ್‌ಚೇರ್‌ಗೆ ವಿಮಾನ ಸಂಸ್ಥೆಯಲ್ಲಿ ಮುಂಚಿತವಾಗಿಯೇ ಕೋರಿಕೆ ಸಲ್ಲಿಸಿ. ಅದು ಇದ್ದರೆ ತಪಾಸಣೆಯ ಉದ್ದ ಸಾಲಿನ ಕಾಟ ಬಹುಮಟ್ಟಿಗೆ ತಪ್ಪುತ್ತದೆ, ನನ್ನ ಲೆಕ್ಕದಲ್ಲಿ ಲಾಂಜ್‌ಗಿಂತ ದೊಡ್ಡ ಅನುಕೂಲವೇ ಅದು. ಲಾಂಜ್ ಬಾಗಿಲಿಗೆ ಬಿಡಿ ಎಂದರೆ ಸಾಮಾನ್ಯವಾಗಿ ಸಿಬ್ಬಂದಿ ಬಿಡುತ್ತಾರೆ, ಆದರೆ ನೀವು ಹೊರಬರುವವರೆಗೆ ಕಾಯಲು ಅವರಿಗೆ ಆಗುವುದಿಲ್ಲ. ಎಷ್ಟು ಹೊತ್ತಿಗೆ ಮರಳಿ ಬರಬೇಕೆಂದು ಅವರಿಗೆ ಸ್ಪಷ್ಟವಾಗಿ ಹೇಳಿ, ಬಾರದಿದ್ದರೆ ಯಾರನ್ನು ಕೇಳಬೇಕೆಂಬುದನ್ನೂ ತಿಳಿದುಕೊಂಡಿರಿ.

ಟಿಕೆಟ್‌ನಲ್ಲಿ ಟರ್ಮಿನಲ್ ಯಾವುದೆಂದು ಈಗಲೇ ನೋಡಿ. ಟರ್ಮಿನಲ್ 2 ಆದರೆ ಬಿದಿರಿನ ಚಾವಣಿ, ತೂಗುವ ಗಿಡಗಳು ನೋಡಲು ಬಹಳ ಚೆನ್ನ, ನಡೆಯಬೇಕಾದ ದೂರವೂ ಅಷ್ಟೇ ಹೆಚ್ಚು. ದೇಶೀಯ ವಿಮಾನಗಳ ಗೇಟನ್ನು ಹೊರಡುವ ಸಮಯಕ್ಕೆ ಸುಮಾರು 25 ನಿಮಿಷ ಮೊದಲೇ ಮುಚ್ಚುವುದರಿಂದ, ನಿಮ್ಮ ಮಟ್ಟಿಗೆ ಗಡುವು 5.40 ಅಲ್ಲ, 5.15. ವಿಮಾನ ಹತ್ತುವ ಕರೆ ಕೇಳಿಸುತ್ತದೆಂದು ಕೂರದೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು 4.35ಕ್ಕೆಲ್ಲ ಲಾಂಜ್‌ನಿಂದ ಎದ್ದುಬಿಡಿ. ತಪಾಸಣೆ ಮುಗಿಯುವಾಗಲೇ ನಾಲ್ಕು ಗಂಟೆ ದಾಟಿದ್ದರೆ ಲಾಂಜ್ ಕಡೆಗೆ ತಿರುಗಿಯೂ ನೋಡಬೇಡಿ. ನೇರವಾಗಿ ಗೇಟಿನ ಬಳಿಯೇ ಕೂರಿಸಿ, ಫ್ಲಾಸ್ಕಿನಲ್ಲಿ ಅವರಿಗೆ ಬೇಕಾದ ಹಾಲನ್ನೋ ಕಾಫಿಯನ್ನೋ ಒಳಗಿನ ಅಂಗಡಿಯಿಂದ ತುಂಬಿಸಿಕೊಡಿ.