ನೀರಿನ ಹೌದದಾಗ ಸೊಳ್ಳಿಹುಳ, ಸಹಾಯ ಬೇಕ್ರಿ

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಮನಿ ವಿಜಯಪುರದಾಗ, ಹಳೇ ಓಣ್ಯಾಗ. ನಳದ ನೀರು ಎಂಟು ದಿನಕ್ಕೊಮ್ಮೆ ಬರ್ತದ, ಹಿಂಗಾಗಿ ಹಿತ್ತಲದಾಗಿನ ಹೌದ, ಎರಡು ಬ್ಯಾರಲ್ ತುಂಬಿಸಿ ಇಡಲೇಬೇಕು. ನಿನ್ನೆ ಮುಂಜಾನೆ ಬ್ಯಾರಲ್‌ದಾಗ ಬಗ್ಗಿ ನೋಡಿದ್ರ, ಸಣ್ಣ ಹುಳ ತಲಿ ಕೆಳಗ ಮಾಡಿ ನೀರಿನ ಮ್ಯಾಲ ಜೋತು ಬಿದ್ದಿದ್ವು. ಬ್ಯಾರಲ್ ತಟ್ಟಿದ ಕೂಡ್ಲೆ ಎಲ್ಲಾ ನುಲಕೋತ ಕೆಳಗ ಇಳದ್ವು. ಹೋದ ತಿಂಗಳ ತಂಗಿ ಮಗಳು ಡೆಂಗಿ ಆಗಿ ಐದು ದಿನ ದವಾಖಾನ್ಯಾಗ ಇದ್ಲು, ಅದಕ್ಕ ಭಾಳ ಅಂಜಿಕಿ ಆಗ್ಯದ.

ಡೆಂಗಿ ಸೊಳ್ಳಿ ಹಗಲಿನ್ಯಾಗ ಕಡೀತದ, ನಾವು ಕೂಡಿಟ್ಟ ತಿಳಿ ನೀರಿನ್ಯಾಗ ಹುಟ್ಟತದ. ತತ್ತಿಯಿಂದ ಸೊಳ್ಳಿ ಆಗಾಕ 7-10 ದಿನ ಸಾಕು. ನಮ್ಮ ನೀರಿನ ಪಾಳಿನೂ ಹೆಚ್ಚು ಕಡಿಮಿ ಅಷ್ಟ! ತತ್ತಿ ಗ್ವಾಡಿಗೆ ಅಂಟಿ ಒಣಗಿದ್ರೂ ತಿಂಗಳಾನುಗಟ್ಟಲೆ ಸಾಯೂದಿಲ್ಲ, ಅದಕ್ಕ ಬ್ಯಾರಲ್ ಒಳಗ ಬ್ರಶ್‌ಲೆ ತಿಕ್ಕಿ, ಬಿಸಲಿಗೆ ಒಣಗಿಸಿ, ಮ್ಯಾಲ ಹಳೇ ಧೋತರ ಕಟ್ಟೀನಿ. ಕೂಲರ್ ನೀರೂ ಚೆಲ್ಲೀನಿ. ಸಂಜಿಮುಂದ ಬೇವಿನ ತಪ್ಪಲದ ಹೊಗಿ ಹಾಕ್ತೀವಿ, ಆದ್ರ ನೀರಾಗಿನ ಹುಳಕ್ಕ ಅದೇನು ಮಾಡೀತು?

ತ್ರಾಸ ಇರೂದು ಹೌದದ್ದು. ಆಳ ಅದ, ಖಾಲಿ ಮಾಡಿದ್ರ ಮತ್ತ ನಳ ಬರೂತನ ನೀರಿಲ್ಲ. ಸೊಳ್ಳಿಹುಳ ತಿನ್ನೂ ಗಪ್ಪಿ ಇಲ್ಲಾ ಗಂಬೂಸಿಯಾ ಮೀನು ಬಿಟ್ಟವ್ರು ಯಾರರ ಇದ್ದೀರೇನ್ರಿ? ಮುಚ್ಚಿದ ಕತ್ತಲಿ ಹೌದದಾಗ ಬದುಕ್ತಾವೇನು? ನಮ್ಮೂರಾಗ ಎಲ್ಲಿ ಸಿಗ್ತಾವ? ನೀರಾಗಿನ ಹುಳ ಸಾಯಿಸೂ ಟೆಮಿಫಾಸ್ ಔಷಧ ಹಾಕಿಸಿದವ್ರು ಎಷ್ಟು ನೀರಿಗೆ ಎಷ್ಟು ಹಾಕಿದ್ರಿ, ಆ ನೀರು ಎಮ್ಮಿಗೆ ಕುಡಿಸಿದ್ರಿ? ಅನುಭವ ಇದ್ದವ್ರು ದಯವಿಟ್ಟು ಬರೀರಿ. ನಾಡದ್ದು ನೀರು ಬರೂದದ, ಅಷ್ಟರಾಗ ಏನರ ಮಾಡಬೇಕು.